ಸ್ತನ ಕ್ಯಾನ್ಸರಿನಿಂದ ಗುಣ ಹೊಂದಿದ ತಾಯಂದಿರ ಬಾಳುವೆ

ಏಳು ವರ್ಷಗಳ ಹಿಂದಿನ ಮಾತು. ಶ್ರಾವಣಮಾಸದ ಪ್ರವಚನ ಮುಗಿದು ಜನರೆಲ್ಲ ಪ್ರಸಾದಕ್ಕೆ ಎದ್ದಿದ್ದರು. ಧಾರವಾಡ ಸೀಮೆಯ ಹಳ್ಳಿಯೊಂದರ ತಾಯಿಯೊಬ್ಬರು ತಮ್ಮ ಸೊಸೆಯ ಕೈ ಹಿಡಿದುಕೊಂಡು ನಮ್ಮ ಬಳಿಗೆ ಬಂದರು. ವಯಸ್ಸು ಐವತ್ತರ ಆಸುಪಾಸು. ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರೆಂದು ನಿಶ್ಚಯವಾಗಿ, ಶಸ್ತ್ರಚಿಕಿತ್ಸೆ ನಡೆದಿತ್ತು. ರಾಸಾಯನಿಕ ಚಿಕಿತ್ಸೆಯೂ ಮುಗಿದಿತ್ತು. ವಿಕಿರಣ ಚಿಕಿತ್ಸೆಯೊಂದು ಉಳಿದಿತ್ತು. ಅದಕ್ಕಾಗಿ ಎದೆಯ ಮೇಲಿನ ಕರಡಿಗೆಯನ್ನು ತೆಗೆದಿಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ಆ ತಾಯಿ ಚಿಕಿತ್ಸೆಯನ್ನೇ ಬಿಟ್ಟು ಊರಿಗೆ ಮರಳಿದ್ದರು. “ಅಜ್ಜಾರ, ಹುಟ್ಟಿದಾಗಿಂದ ಮೈಮ್ಯಾಗಿರೋ ಲಿಂಗ. ಈಗ ತಗೀರಿ ಅಂದ್ರ ಹೆಂಗ ತಗೀಲಿ? ಅದರಕಿಂತ ಹಿಂಗ ಹೋಗೂದ ಚಲೋ” ಎಂದು ಕಣ್ಣೀರಿಟ್ಟರು.

ನಾವು ಅವರಿಗೆ ಹೇಳಿದ್ದು ಇಷ್ಟೇ: “ಅವ್ವಾ, ಲಿಂಗಧಾರಣೆಗೆ ಎದೆಯೊಂದೇ ಸ್ಥಾನವೆಂದು ಯಾರು ಹೇಳಿದರು? ತಲೆ, ಕೊರಳು, ಕಂಕುಳು, ಎದೆ, ಕೈ ಎಂದು ಶಾಸ್ತ್ರಗ್ರಂಥಗಳು ಹಲವು ಸ್ಥಾನಗಳನ್ನು ಹೇಳಿವೆ. ಬಲತೋಳಿಗೆ ಸಡಿಲವಾಗಿ ಕಟ್ಟಿಕೊಳ್ಳಿರಿ. ಯಂತ್ರದ ಕೆಳಗೆ ಮಲಗುವ ಆ ಕೆಲವು ನಿಮಿಷ ಅದೂ ಬೇಡವೆಂದರೆ ಶುಚಿಯಾದ ವಸ್ತ್ರದಲ್ಲಿಟ್ಟು ಸೊಸೆಯ ಕೈಗೆ ಕೊಡಿರಿ. ಕಾಯ ಉಳಿದರಲ್ಲವೇ ಪೂಜೆ?” ಆ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಮರುದಿನವೇ ಆಸ್ಪತ್ರೆಗೆ ಹೊರಟರು. ಎರಡು ವಾರ ವ್ಯರ್ಥವಾಗಿ ಕಳೆದಿದ್ದವು. ದೈವವಶಾತ್ ಅದಕ್ಕಿಂತ ಹೆಚ್ಚು ಕಳೆಯಲಿಲ್ಲ.

ಇದನ್ನು ನಮ್ಮ ಜಾಣ್ಮೆಯ ಕಥೆಯೆಂದು ಓದುಗ ಬಂಧುಗಳು ತಿಳಿಯಬಾರದು. ಅದೇ ತಾಯಿಗೆ ನಾವು ಮಾಡಿದ ಅಪಚಾರವೂ ಒಂದುಂಟು. ಚಿಕಿತ್ಸೆ ಮುಗಿಸಿಕೊಂಡು ದರ್ಶನಕ್ಕೆ ಬಂದಾಗ, “ಇನ್ನು ಆ ಕೈಯಿಂದ ಏನನ್ನೂ ಎತ್ತಬೇಡಿರಿ, ಪೂರ್ಣ ವಿಶ್ರಾಂತಿಯಲ್ಲಿರಿ” ಎಂದು ಹೇಳಿ ಕಳುಹಿಸಿದೆವು. ಹಿರಿಯರು ಹೇಳಿದ ಮಾತೆಂದು ಮನೆಯವರು ಅದನ್ನು ಅಕ್ಷರಶಃ ಪಾಲಿಸಿದರು. ನಾಲ್ಕು ತಿಂಗಳಲ್ಲಿ ಆ ತಾಯಿಯ ಭುಜ ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಕೈ ಏಳದಂತಾಯಿತು. ತಿಳಿಯದ ವಿಷಯದಲ್ಲಿ ಉಪದೇಶ ಮಾಡುವುದು ಎಷ್ಟು ಅಪಾಯಕರವೆಂಬುದು ಅಂದು ನಮಗೆ ಮನದಟ್ಟಾಯಿತು. ಅಲ್ಲಿಂದೀಚೆಗೆ ವೈದ್ಯರನ್ನು ಕೇಳಿ, ಓದಿ, ಗುಣ ಹೊಂದಿದ ತಾಯಂದಿರನ್ನು ಕಂಡು ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಬದುಕುಳಿದವರ ಸಂಖ್ಯೆ ಬೆಳೆಯುತ್ತಿದೆ

ಭಾರತದ ಸ್ತ್ರೀಯರಲ್ಲಿ ಅತ್ಯಧಿಕವಾಗಿ ಕಂಡುಬರುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ನಮ್ಮ ದೇಶದ ಸುಮಾರು ೧,೯೨,೦೦೦ ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಆದರೆ ಈ ರೋಗವೆಂದರೆ ಮರಣವೆಂಬ ಕಾಲ ಹೋಗಿದೆ. ಬೇಗ ಪತ್ತೆಯಾಗಿ ಚಿಕಿತ್ಸೆ ಪೂರ್ಣಗೊಂಡರೆ ಹತ್ತು, ಇಪ್ಪತ್ತು ವರ್ಷ ಬಾಳುವವರು ಬಹುಮಂದಿ.

ಚಿಕಿತ್ಸೆಯ ಸ್ವರೂಪವೂ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೇರಿಕೆಯ ಶಸ್ತ್ರವೈದ್ಯ ಹಾಲ್‌ಸ್ಟೆಡ್ ರೂಢಿಗೆ ತಂದ ಕ್ರಮದಲ್ಲಿ ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. ಜೀವ ಉಳಿದರೂ ಕೈ ನಿಷ್ಪ್ರಯೋಜಕವಾಗುತ್ತಿತ್ತು. ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಾಗದೆಂದು ಇಟಲಿಯ ವೆರೊನೇಸಿ ಹಾಗೂ ಅಮೇರಿಕೆಯ ಬರ್ನಾರ್ಡ್ ಫಿಶರ್ ಇವರ ಅಧ್ಯಯನಗಳು ತೋರಿಸಿದವು. ಇಪ್ಪತ್ತು ವರ್ಷಗಳ ಅನುಸರಣೆಯ ನಂತರ ೨೦೦೨ರಲ್ಲಿ ಇಬ್ಬರ ವರದಿಗಳೂ ಅದನ್ನು ದೃಢಪಡಿಸಿದವು. ನಮ್ಮಲ್ಲಿ ತಡವಾಗಿ ಬರುವವರೇ ಹೆಚ್ಚಾದುದರಿಂದ ಪೂರ್ಣ ಸ್ತನವನ್ನು ತೆಗೆಯುವ ಪ್ರಸಂಗ ಈಗಲೂ ಬಹಳ. ಹೇಗೇ ಆಗಲಿ, ಉಳಿದ ಬಾಳುವೆ ದೀರ್ಘವಾದುದು. ಅದು ಹೇಗಿರಬೇಕೆಂಬುದೇ ಈಗಿನ ಪ್ರಶ್ನೆ.

ತೋಳಿನ ಜೋಪಾನ

ಕಂಕುಳಿನಲ್ಲಿ ದುಗ್ಧರಸ ಗ್ರಂಥಿಗಳೆಂಬ ಸಣ್ಣ ಸಣ್ಣ ಗಂಟುಗಳಿವೆ. ಕೈಯಿಂದ ಮರಳುವ ದ್ರವ ಇವುಗಳ ಮೂಲಕ ಸೋಸಿ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಇವನ್ನು ತೆಗೆದಾಗ, ಇಲ್ಲವೆ ವಿಕಿರಣದಿಂದ ಇವು ಕುಗ್ಗಿದಾಗ, ದ್ರವ ಹರಿಯಲು ಹಾದಿಯಿಲ್ಲದೆ ತೋಳು ಬಾತುಕೊಳ್ಳಬಹುದು. ಇದನ್ನು ವೈದ್ಯರು ಲಿಂಫೆಡಿಮಾ ಎನ್ನುತ್ತಾರೆ. ಕೂಡಲೇ ಬರಬೇಕೆಂದಿಲ್ಲ, ವರ್ಷಗಳ ನಂತರವೂ ತಲೆದೋರಬಹುದು. ಬಳೆ ಬಿಗಿಯಾಗುವುದು, ಕುಪ್ಪಸದ ತೋಳು ಹಿಡಿಯುವುದು, ಕೈ ಭಾರವೆನಿಸುವುದು ಇದರ ಮೊದಲ ಸೂಚನೆಗಳು. ಈ ಹಂತದಲ್ಲಿಯೇ ತೋರಿಸಿದರೆ ಹತೋಟಿಗೆ ಬರುತ್ತದೆ.

ಇದರ ಭಯದಿಂದಲೇ ಕೈಯನ್ನು ಕಟ್ಟಿಹಾಕುವ ಪದ್ಧತಿ ಬೆಳೆಯಿತು. ನಾವೂ ಅದೇ ತಪ್ಪು ಮಾಡಿದೆವು. ೧೯೯೬ರಲ್ಲಿ ಕೆನಡಾ ದೇಶದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಸ್ತನ ಕ್ಯಾನ್ಸರಿನಿಂದ ಗುಣ ಹೊಂದಿದ ೨೪ ಮಹಿಳೆಯರನ್ನು ಕೂಡಿಸಿ, ಕ್ರಮವಾಗಿ ಅಭ್ಯಾಸ ಮಾಡಿಸಿ, ಉದ್ದನೆಯ ದೋಣಿಯಲ್ಲಿ ಹುಟ್ಟುಹಾಕಲು ಹಚ್ಚಿದರು. ತೋಳು ಬಾಯುವುದೆಂದು ಎಲ್ಲರೂ ಹೆದರಿಸಿದರು. ಯಾರ ತೋಳೂ ಹೊಸದಾಗಿ ಬಾಯಲಿಲ್ಲ. ಇಂದು ಅಂಥ ದೋಣಿ ತಂಡಗಳು ಅನೇಕ ದೇಶಗಳಲ್ಲಿವೆ. ಮುಂದೆ ೨೦೦೯ರಲ್ಲಿ ಕ್ಯಾಥರಿನ್ ಶ್ಮಿಟ್ಸ್ ಎಂಬ ಅಮೇರಿಕೆಯ ವಿದುಷಿ, ಆಗಲೇ ಬಾತಿದ್ದ ತೋಳುಳ್ಳ ೧೪೧ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ಹಗುರದಿಂದ ಆರಂಭಿಸಿ ಮೆಲ್ಲಗೆ ಭಾರ ಎತ್ತುವುದನ್ನು ಕಲಿಸಿದರು. ಒಂದು ವರ್ಷದ ತರುವಾಯ ಭಾರ ಎತ್ತಿದವರ ಬಾವು ಹೆಚ್ಚಲಿಲ್ಲ. ಬಾವು ಉಲ್ಬಣಿಸುವ ಪ್ರಸಂಗಗಳು ಅವರಲ್ಲಿಯೇ ಕಡಿಮೆಯಾಗಿದ್ದವು.

ಆದುದರಿಂದ ವೈದ್ಯರ ಅಪ್ಪಣೆ ಪಡೆದು ಶಸ್ತ್ರಚಿಕಿತ್ಸೆಯ ಕೆಲವೇ ದಿನಗಳಲ್ಲಿ ಮುಷ್ಟಿ ಮುಚ್ಚಿ ತೆರೆಯುವುದು, ಹೆರಳು ಹಾಕಿಕೊಳ್ಳುವುದು, ಗೋಡೆಯ ಮೇಲೆ ಬೆರಳುಗಳನ್ನು ಏರಿಸುತ್ತ ಹೋಗುವುದು ಮೊದಲಾದ ಅಭ್ಯಾಸಗಳನ್ನು ಆರಂಭಿಸಬೇಕು. ಒಮ್ಮೆಲೇ ತುಂಬಿದ ಕೊಡ ಎತ್ತುವುದು ಸಲ್ಲದು. ಎಂದೆಂದಿಗೂ ಏನನ್ನೂ ಎತ್ತದಿರುವುದೂ ಸಲ್ಲದು. ಮೆಲ್ಲಮೆಲ್ಲಗೆ ಏರುವುದೇ ಸೂತ್ರ.

ಚರ್ಮದ ಎಚ್ಚರಿಕೆ ಬೇರೆ. ಆ ಕೈಗೆ ಗಾಯವಾದರೆ ನಂಜು ಬೇಗ ಏರುತ್ತದೆ. ರೊಟ್ಟಿ ಬೇಯಿಸುವಾಗ ಹಂಚು ತಾಗದಂತೆ ಇಕ್ಕಳ ಅಥವಾ ಅರಿವೆ ಬಳಸಬೇಕು. ಹೊಲದಲ್ಲಿ ಹತ್ತಿ ಬಿಡಿಸುವವರು, ಕುಡುಗೋಲು ಹಿಡಿಯುವವರು, ಮುಳ್ಳುಕಂಟಿಯಲ್ಲಿ ಕೈ ಹಾಕುವವರು ಉದ್ದ ತೋಳಿನ ಅಂಗಿ, ಕೈಚೀಲ ಧರಿಸಬೇಕು. ಬಿಗಿಯಾದ ಬಳೆಗಳನ್ನು ಆ ಕೈಗೆ ಹಾಕದಿರುವುದು ಲೇಸು. ಇಳಿಸಿಕೊಳ್ಳಲಾಗದ ಬಳೆಗಳು ಬಾವು ಬಂದಾಗ ಬಾಧಿಸುತ್ತವೆ. ಸಡಿಲವಾದ ಎರಡು ಬಳೆಗಳಿಂದ ಮುತ್ತೈದೆತನಕ್ಕೆ ಕುಂದೇನೂ ಬಾರದು. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅರಿಷಿಣ ಹಚ್ಚಿ ಕಾಯುತ್ತ ಕೂಡದೆ ಅದೇ ದಿನ ವೈದ್ಯರನ್ನು ಕಾಣಬೇಕು.

ಪೂಜೆಯ ವಿಷಯದಲ್ಲಿಯೂ ಒಂದೆರಡು ಮಾತು. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಐದು ವಾರ ನಡೆಯುತ್ತದೆ. ಆ ದಿನಗಳಲ್ಲಿ ಎದೆಯ ಚರ್ಮ ಬೆಂದಂತಾಗಿರುತ್ತದೆ. ಶಿವದಾರವೂ ಕರಡಿಗೆಯೂ ಅಲ್ಲಿ ಉಜ್ಜಬಾರದು. ವೈದ್ಯರನ್ನು ಕೇಳದೆ ವಿಭೂತಿ, ಗಂಧ, ಎಣ್ಣೆಗಳನ್ನು ಆ ಭಾಗಕ್ಕೆ ಹಚ್ಚಬಾರದು. ಹಣೆಗೆ ಧರಿಸಲು ಅಡ್ಡಿಯಿಲ್ಲ. ಎಡಗಡೆಯ ಶಸ್ತ್ರಚಿಕಿತ್ಸೆಯಾದವರಿಗೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಬಹಳ ಹೊತ್ತು ಹಿಡಿದು ಕೂಡುವುದು ಕಷ್ಟವಾದರೆ, ಮೊಣಕೈ ಕೆಳಗೆ ಮಡಿಚಿದ ವಸ್ತ್ರವನ್ನೋ ಸಣ್ಣ ದಿಂಬನ್ನೋ ಇಟ್ಟುಕೊಳ್ಳಬಹುದು. ಇನ್ನೂ ಸಂಶಯವುಳ್ಳವರು ತಮ್ಮ ತಮ್ಮ ಗುರುಗಳನ್ನು ಕೇಳಲಿ. ಆದರೆ ಸಂಶಯದ ಕಾರಣದಿಂದ ಚಿಕಿತ್ಸೆಯನ್ನು ಒಂದು ದಿನವೂ ನಿಲ್ಲಿಸದಿರಲಿ.

ನಡಿಗೆ ಮತ್ತು ಯೋಗ

ಚಿಕಿತ್ಸೆಯ ನಂತರ ಬಹುಮಂದಿ ತಾಯಂದಿರು ಹೇಳುವ ದೂರು ಒಂದೇ: ದಣಿವು. ಮಲಗಿ ಎದ್ದರೂ ಹೋಗದ ದಣಿವು. ಮನೆಯವರು ಇದನ್ನು ಮೈಗಳ್ಳತನವೆಂದು ಭಾವಿಸುವುದುಂಟು. ಅದು ರೋಗದ ಮತ್ತು ಚಿಕಿತ್ಸೆಯ ಪರಿಣಾಮವೇ ಹೊರತು ಸ್ವಭಾವದೋಷವಲ್ಲ. ವಿಚಿತ್ರವೆಂದರೆ ಈ ದಣಿವಿಗೆ ಹಾಸಿಗೆಗಿಂತ ನಡಿಗೆಯೇ ಒಳ್ಳೆಯ ಮದ್ದು. ಅಮೇರಿಕೆಯ ದಾದಿಯರ ಬೃಹತ್ ಅಧ್ಯಯನವೊಂದರಲ್ಲಿ ಈ ರೋಗಕ್ಕೆ ಗುರಿಯಾದ ೨,೯೮೭ ಮಹಿಳೆಯರನ್ನು ಗಮನಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಂತೆ, ವಾರಕ್ಕೆ ಮೂರರಿಂದ ಐದು ತಾಸು ಸಾಧಾರಣ ವೇಗದಲ್ಲಿ ನಡೆಯುವಷ್ಟು ಚಟುವಟಿಕೆಯಿದ್ದವರಲ್ಲಿ ಈ ರೋಗದಿಂದ ಮರಣ ಹೊಂದಿದವರ ಪ್ರಮಾಣ, ನಡೆಯದವರಿಗಿಂತ ಸುಮಾರು ಅರ್ಧದಷ್ಟಿತ್ತು. ಆರೋಗ್ಯವಾಗಿದ್ದವರೇ ಹೆಚ್ಚು ನಡೆದಿರಲೂಬಹುದಾದ್ದರಿಂದ ಎಲ್ಲವೂ ನಡಿಗೆಯ ಫಲವೆಂದು ಹೇಳಲಾಗದು. ಆದರೂ ದಿನಕ್ಕೆ ಅರ್ಧ ತಾಸಿನ ನಡಿಗೆಯಿಂದ ಲಾಭವಲ್ಲದೆ ನಷ್ಟವಿಲ್ಲ. ಬೆಳಗಿನ ಹೊತ್ತು ಊರ ಗುಡಿಯವರೆಗೆ ಹೋಗಿ ಬರುವುದೇ ಸಾಕು.

ಯೋಗದ ವಿಷಯದಲ್ಲಿ ನಮ್ಮ ನಾಡಿನ ಕೊಡುಗೆಯೊಂದಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಅಮೇರಿಕೆಯ ಹ್ಯೂಸ್ಟನ್ನಿನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದೊಡನೆ ಸೇರಿ ನಡೆಸಿದ ಅಧ್ಯಯನ ೨೦೧೪ರಲ್ಲಿ ಪ್ರಕಟವಾಯಿತು. ವಿಕಿರಣ ಚಿಕಿತ್ಸೆಯಲ್ಲಿದ್ದ ೧೬೩ ಮಹಿಳೆಯರು ಇದರಲ್ಲಿದ್ದರು. ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಆರು ವಾರ ಅಭ್ಯಾಸ ಮಾಡಿದವರಲ್ಲಿ ದೇಹದ ಕಾರ್ಯಶಕ್ತಿಯೂ ಒಟ್ಟು ಆರೋಗ್ಯದ ಭಾವನೆಯೂ ಉತ್ತಮಗೊಂಡವು. ಮನದ ಒತ್ತಡವನ್ನು ಸೂಚಿಸುವ ಕಾರ್ಟಿಸೋಲ್ ಎಂಬ ರಸದ ದಿನಚರಿಯೂ ಸುಧಾರಿಸಿತು. ಗಮನಿಸಬೇಕಾದುದೆಂದರೆ, ಇವರು ಯೋಗವನ್ನು ಚಿಕಿತ್ಸೆಯೊಂದಿಗೆ ಮಾಡಿದರು. ಚಿಕಿತ್ಸೆಯನ್ನು ಬಿಟ್ಟು ಮಾಡಲಿಲ್ಲ.

ಊಟ ಮತ್ತು ಉಪವಾಸ

“ಏನು ತಿಂದದ್ದರಿಂದ ಹೀಗಾಯಿತು?” ಎಂಬುದು ಗುಣ ಹೊಂದಿದ ಪ್ರತಿಯೊಬ್ಬ ತಾಯಿಯನ್ನೂ ಕೊರೆಯುವ ಪ್ರಶ್ನೆ. ಬೀಗರು, ನೆರೆಹೊರೆಯವರು ಬಂದು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ: ಹಾಲು ಬೇಡ, ಬೆಲ್ಲ ಬೇಡ, ಬೇಳೆ ಬೇಡ. ಕೊನೆಗೆ ತಟ್ಟೆಯಲ್ಲಿ ಗಂಜಿಯಷ್ಟೇ ಉಳಿಯುತ್ತದೆ. ಇದು ಸರಿಯಲ್ಲ. ಅಮೇರಿಕೆಯಲ್ಲಿ ೩,೦೮೮ ಮಹಿಳೆಯರ ಮೇಲೆ ನಡೆದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಜನ ಕಾಯಿಪಲ್ಲೆ, ಹಣ್ಣು, ನಾರಿನಂಶಗಳನ್ನು ಬಹಳವಾಗಿ ಹೆಚ್ಚಿಸಿ ಜಿಡ್ಡನ್ನು ತಗ್ಗಿಸಿದರು. ಏಳು ವರ್ಷಗಳ ತರುವಾಯ ನೋಡಿದಾಗ, ಸಾಮಾನ್ಯವಾದ ಒಳ್ಳೆಯ ಊಟ ಮಾಡಿದವರಿಗಿಂತ ಇವರಲ್ಲಿ ರೋಗ ಮರುಕಳಿಸುವುದು ಕಡಿಮೆಯಾಗಿರಲಿಲ್ಲ. ಅತಿಯಾದ ಪಥ್ಯ ರಕ್ಷಾಕವಚವಲ್ಲವೆಂದೂ, ರೋಗ ಮರಳಿದರೆ ಅದು ತಾಯಿಯ ಊಟದ ತಪ್ಪಲ್ಲವೆಂದೂ ಇದರಿಂದ ತಿಳಿಯಬೇಕು.

ಆದರೆ ತೂಕದ ಮಾತು ಬೇರೆ. ಚಿಕಿತ್ಸೆಯ ನಂತರ ಅನೇಕರ ತೂಕ ಏರುತ್ತದೆ. ಬೊಜ್ಜು ಈ ರೋಗಕ್ಕೂ, ಮಧುಮೇಹ ಹೃದ್ರೋಗಗಳಿಗೂ ಅನುಕೂಲವಾದುದು. ಜೋಳದ ರೊಟ್ಟಿ, ಸೊಪ್ಪಿನ ಪಲ್ಲೆ, ಮೊಳಕೆಕಾಳಿನ ಉಸುಳಿ, ಮಜ್ಜಿಗೆಯುಳ್ಳ ನಮ್ಮ ಹಿರಿಯರ ಊಟವೇ ಇದಕ್ಕೆ ತಕ್ಕುದಾಗಿದೆ. ಎಣ್ಣೆಯಲ್ಲಿ ಕರಿದ ತಿಂಡಿ, ಸಕ್ಕರೆಯ ಪಾನೀಯಗಳನ್ನು ತಗ್ಗಿಸಬೇಕು. ಸೋಯಾ ಅವರೆ ಕೂಡದೆಂಬ ಭಯ ಹಲವರಲ್ಲಿದೆ. ಚೀನಾದ ಶಾಂಘೈ ನಗರದಲ್ಲಿ ಗುಣ ಹೊಂದಿದ ೫,೦೪೨ ಮಹಿಳೆಯರನ್ನು ಕುರಿತ ೨೦೦೯ರ ವರದಿ, ಊಟದಲ್ಲಿ ಸೋಯಾ ಬಳಸಿದವರಿಗೆ ಕೇಡಾಗಲಿಲ್ಲವೆಂದು ತೋರಿಸಿದೆ. ಮದ್ಯವಂತೂ ಈ ರೋಗದ ಕಾರಣಗಳಲ್ಲಿ ಒಂದೆಂದು ಸ್ಥಾಪಿತವಾಗಿದೆ.

ಸೋಮವಾರದ ಉಪವಾಸ, ಹರಕೆಯ ಉಪವಾಸಗಳನ್ನು ರಾಸಾಯನಿಕ ಚಿಕಿತ್ಸೆಯ ದಿನಗಳಲ್ಲಿ ವೈದ್ಯರನ್ನು ಕೇಳದೆ ಮಾಡಬಾರದು. ಹಸಿ ತರಕಾರಿ, ಮೊಳಕೆಕಾಳುಗಳನ್ನೂ ಆ ದಿನಗಳಲ್ಲಿ ಬೇಯಿಸಿಯೇ ತಿನ್ನಬೇಕು. ಯಾರೋ ಕೊಟ್ಟ ಬೇರು, ಭಸ್ಮ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸುವುದು ಅಪಾಯ. ಕೆಲವು ಔಷಧಿಗಳೊಡನೆ ಅವು ಹೊಂದಿಕೊಳ್ಳುವುದಿಲ್ಲ.

ಮಾತ್ರೆಯನ್ನು ನಡುವೆ ಬಿಡಬಾರದು

ಹಾರ್ಮೋನುಗಳಿಂದ ಬೆಳೆಯುವ ಬಗೆಯ ಗಂಟು ಇದ್ದವರಿಗೆ ಟಮಾಕ್ಸಿಫೆನ್ ಮುಂತಾದ ಮಾತ್ರೆಗಳನ್ನು ಐದು ವರ್ಷ, ಕೆಲವರಿಗೆ ಹತ್ತು ವರ್ಷ ಕೊಡುತ್ತಾರೆ. ಮೈ ಕಾವೇರಿ ಬೆವರುವುದು, ಕೀಲುನೋವು, ನಿದ್ರಾಭಂಗಗಳಿಂದ ಬೇಸತ್ತು, “ಗುಣವಾಯಿತಲ್ಲ, ಇನ್ನೇಕೆ?” ಎಂದು ನಡುವೆ ಬಿಡುವವರುಂಟು. ಇದು ಕಟ್ಟಿದ ಒಡ್ಡನ್ನು ಮಳೆಗಾಲಕ್ಕೆ ಮುನ್ನ ಒಡೆದಂತೆ. ತೊಂದರೆಯನ್ನು ವೈದ್ಯರಿಗೆ ಹೇಳಿದರೆ ಉಪಾಯವಿದೆ. ಈ ವರ್ಗದ ಇನ್ನು ಕೆಲವು ಮಾತ್ರೆಗಳಿಂದ ಎಲುಬು ಸವೆಯುವುದರಿಂದ ಎಲುಬಿನ ಸಾಂದ್ರತೆಯ ಪರೀಕ್ಷೆಯೂ, ಸುಣ್ಣದಂಶ ಹಾಗೂ ‘ಡಿ’ ಜೀವಸತ್ವದ ಪೂರೈಕೆಯೂ ಬೇಕಾಗುತ್ತವೆ. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವ ಕಂಡರೆ ನಾಚದೆ ತಿಳಿಸಬೇಕು.

ಮಕ್ಕಳನ್ನು ಪಡೆಯಬಯಸುವ ಕಿರಿಯರಿಗೂ ದಾರಿ ಮುಚ್ಚಿಲ್ಲ. ಒಂದೂವರೆ ವರ್ಷವಾದರೂ ಮಾತ್ರೆ ಸೇವಿಸಿ, ವೈದ್ಯರ ನಿಗಾದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ಗರ್ಭ ಧರಿಸಿದವರಲ್ಲಿ, ಮೊದಲ ಕೆಲವು ವರ್ಷಗಳಲ್ಲಿ ರೋಗ ಮರುಕಳಿಸುವುದು ಹೆಚ್ಚಲಿಲ್ಲವೆಂದು ೨೦೨೩ರ ಅಧ್ಯಯನವೊಂದು ತಿಳಿಸಿದೆ.

ತಪಾಸಣೆಯ ಕ್ರಮ ಸಾಮಾನ್ಯವಾಗಿ ಹೀಗಿದೆ: ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆ, ವರ್ಷಕ್ಕೊಂದು ಮ್ಯಾಮೊಗ್ರಾಂ. ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೇ ಮೊದಲಾಗಿ ಈ ಸೌಲಭ್ಯವುಳ್ಳ ಆಸ್ಪತ್ರೆಗಳು ನಾಡಿನಲ್ಲಿವೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯ ನೆರವೂ ಸೇರಿದೆ. ಖರ್ಚಿಗೆ ಅಂಜಿ ಮನೆಯಲ್ಲಿ ಕೂಡುವ ಮೊದಲು ವಿಚಾರಿಸಬೇಕು.

ಮನಸ್ಸಿನ ಗಾಯ

ಮೈಗಾಯ ಮಾಯುತ್ತದೆ, ಮನಸ್ಸಿನದು ತಡ. ಒಂದು ಸಣ್ಣ ಬೆನ್ನುನೋವು ಬಂದರೂ “ಮರಳಿ ಬಂದಿತೇ?” ಎಂಬ ಭೀತಿ. ಸ್ತನವನ್ನು ಕಳೆದುಕೊಂಡವರಿಗೆ ಕನ್ನಡಿಯ ಮುಂದೆ ನಿಲ್ಲುವುದೇ ಸಂಕಟ. ಹತ್ತಿ ನೂಲಿನಲ್ಲಿ ಹೆಣೆದ ಅಥವಾ ಸಿಲಿಕೋನಿನ ಕೃತಕ ಸ್ತನಗಳು ದೊರೆಯುತ್ತವೆ. ಭಾರವುಳ್ಳವು ಬೆನ್ನು ಭುಜಗಳ ಸಮತೋಲಕ್ಕೂ ನೆರವಾಗುತ್ತವೆ. ಇದನ್ನು ಕೇಳಲು ಸಂಕೋಚ ಬೇಡ.

ಇದೇ ಗಾಯ ಕಂಡವರ ಮಾತು ಬೇರೆಯವರ ಸಾಂತ್ವನಕ್ಕಿಂತ ಹೆಚ್ಚು ನಾಟುತ್ತದೆ. ೧೯೫೨ರಲ್ಲಿ ನ್ಯೂಯಾರ್ಕಿನ ತೆರೇಸ್ ಲ್ಯಾಸರ್ ಎಂಬ ಮಹಿಳೆ, ತಮಗೆ ಶಸ್ತ್ರಚಿಕಿತ್ಸೆಯಾದ ನಂತರ, ಅದೇ ರೋಗದ ಇತರರನ್ನು ಆಸ್ಪತ್ರೆಗೆ ಹೋಗಿ ಕಂಡು ಧೈರ್ಯ ಹೇಳುವ ಕಾರ್ಯ ಆರಂಭಿಸಿದರು. ಅದು ಇಂದು ಅನೇಕ ದೇಶಗಳಲ್ಲಿ ನಡೆದಿದೆ. ಡೇವಿಡ್ ಸ್ಪೀಗೆಲ್ ಎಂಬ ವೈದ್ಯರು, ಹೀಗೆ ಗುಂಪಿನಲ್ಲಿ ಕೂಡಿ ಮಾತನಾಡಿದವರು ಹೆಚ್ಚು ಕಾಲ ಬದುಕಿದರೆಂದು ೧೯೮೯ರಲ್ಲಿ ಪ್ರಕಟಿಸಿದರು. ಅವರೇ ಮತ್ತೆ ಪರೀಕ್ಷಿಸಿ, ಆಯುಷ್ಯ ಹೆಚ್ಚಲಿಲ್ಲವೆಂದು ೨೦೦೭ರಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆದರೂ ಇಂಥ ಕೂಟಗಳಿಂದ ಮನದ ಯಾತನೆ ತಗ್ಗುವುದು ನಿಜ. ದಿನಗಳನ್ನು ಹೆಚ್ಚಿಸದಿದ್ದರೂ ದಿನಗಳಿಗೆ ಹಿತವನ್ನು ತರುವುದು ಸಣ್ಣ ಕೆಲಸವಲ್ಲ. ನಮ್ಮ ಊರುಗಳ ಅಕ್ಕನ ಬಳಗಗಳು ತಿಂಗಳಿಗೊಮ್ಮೆ ಇಂಥ ತಾಯಂದಿರನ್ನು ಕೂಡಿಸಿದರೆ ಅದಕ್ಕಿಂತ ದೊಡ್ಡ ಸೇವೆಯಿಲ್ಲ.

ಮನೆಯವರ ಕರ್ತವ್ಯ

ಈ ರೋಗ ಅಂಟುರೋಗವಲ್ಲ. ಗುಣ ಹೊಂದಿದ ತಾಯಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ ಇಡುವುದು, ಉಡಿ ತುಂಬುವಾಗ ಕರೆಯದಿರುವುದು ಕೆಲವು ಮನೆಗಳಲ್ಲಿ ಇನ್ನೂ ಉಂಟೆಂದು ಕೇಳಿ ನಮಗೆ ನಾಚಿಕೆಯಾಗುತ್ತದೆ. ಸೂತಕಗಳನ್ನೇ ಅಲ್ಲಗಳೆದ ಶರಣರ ಪರಂಪರೆಯವರು ರೋಗವನ್ನು ಸೂತಕ ಮಾಡುವುದೆಂತು? ಇದನ್ನು ಪೂರ್ವಜನ್ಮದ ಪಾಪವೆಂದು ಹೇಳುವುದೂ ಸಲ್ಲದು.

ಇನ್ನೊಂದು ಕೆಟ್ಟ ರೂಢಿ ಮುಚ್ಚಿಡುವುದು. ಮಗಳ ಸಂಬಂಧ ತಪ್ಪೀತೆಂದು ತಾಯಿಯ ರೋಗವನ್ನು ಬಚ್ಚಿಟ್ಟು, ಯಾರಾದರೂ ಕಂಡಾರೆಂದು ತಪಾಸಣೆಗೂ ಕರೆದೊಯ್ಯದವರನ್ನು ನಾವು ಬಲ್ಲೆವು. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳಷ್ಟೇ. ಅಂಥ ಮನೆಗಳ ಹೆಣ್ಣುಮಕ್ಕಳಿಗೂ ಮೊದಲೇ ತಿಳಿದಿದ್ದರೆ ಎಚ್ಚರದಿಂದಿರಲು ಅನುಕೂಲ. ಮುಚ್ಚಿಟ್ಟರೆ ಅವರ ಜೀವಕ್ಕೇ ಅಪಾಯ.

ಪತಿಯಾದವನು ಮೊದಲಿನಂತೆಯೇ ಪಕ್ಕದಲ್ಲಿ ಕುಳಿತು ಊಟ ಮಾಡಲಿ, ಆಸ್ಪತ್ರೆಗೆ ತಾನೇ ಜೊತೆಗೆ ಹೋಗಲಿ. ಅವನ ಮೌನವನ್ನು ಆಕೆ ತಿರಸ್ಕಾರವೆಂದೇ ತಿಳಿಯುತ್ತಾಳೆ. ಮಕ್ಕಳು ಆಕೆಯ ಭಾರದ ಕೆಲಸಗಳನ್ನು ಹಂಚಿಕೊಳ್ಳಲಿ. ಆದರೆ ಮನೆಯ ಯಜಮಾನಿಕೆಯನ್ನು ಆಕೆಯಿಂದ ಕಸಿದುಕೊಳ್ಳದಿರಲಿ. ಕಾಯಕವಿಲ್ಲದೆ ಮೂಲೆಯಲ್ಲಿ ಕುಳಿತವರಿಗೆ ದಿನ ಬೆಟ್ಟವಾಗುತ್ತದೆ.

ಮೊದಲು ಹೇಳಿದ ಆ ತಾಯಿ ಆಸ್ಪತ್ರೆಯ ವ್ಯಾಯಾಮ ಚಿಕಿತ್ಸಕರಿಂದ ಕಲಿತು, ದಿನವೂ ಗೋಡೆಯ ಮೇಲೆ ಬೆರಳು ಏರಿಸುತ್ತ, ಎಂಟು ತಿಂಗಳಲ್ಲಿ ಕೈಯನ್ನು ಮರಳಿ ಪಡೆದರು. ಕಳೆದ ಜಾತ್ರೆಯಲ್ಲಿ ದಾಸೋಹದ ಒಲೆಯ ಮುಂದೆ ಅವರನ್ನು ಕಂಡೆವು. ಎಡಗೈಗೆ ಉದ್ದ ತೋಳಿನ ಕುಪ್ಪಸ, ಎರಡೇ ಸಡಿಲ ಬಳೆ. ರೊಟ್ಟಿ ಬಡಿಯುತ್ತ ಕುಳಿತಿದ್ದರು. “ಕೈ ಹೆಂಗೈತಿ ಅವ್ವಾ?” ಎಂದೆವು. “ನೀವು ಬ್ಯಾಡ ಅಂದಿದ್ದ ಕೆಲಸಾನ ಮಾಡಾಕತ್ತೀನ್ರಿ ಅಜ್ಜಾರ” ಎಂದು ನಕ್ಕರು. ನಾವು ತಲೆಬಾಗಿದೆವು. ಆ ನಗು ನಮ್ಮ ಎಲ್ಲ ತಾಯಂದಿರದಾಗಲಿ.